ಬೆವರಿಗೆ ಒಗ್ಗುವ ಬಟ್ಟೆ: ಮುಂಬಯಿಯ ಹವೆಯಲ್ಲಿ ವ್ಯಾಯಾಮದ ಉಡುಪನ್ನು ಆರಿಸುವ ಬಗೆ

ಮಾಟುಂಗದ ಫೈವ್ ಗಾರ್ಡನ್ಸ್ ಸುತ್ತ ಬೆಳಗಿನ ಆರು ಗಂಟೆಗೆ ನಡೆಯಲು, ಓಡಲು ಬರುವವರಲ್ಲಿ ಹೆಚ್ಚಿನವರ ಮೈಮೇಲೆ ಇಂದು ಇರುವುದು ಪಾಲಿಯೆಸ್ಟರ್. ಅಲ್ಲೇ ಹತ್ತಿರದ ಅಡೆನ್‌ವಾಲಾ ರಸ್ತೆಯಲ್ಲಿ, ಹತ್ತಿಯ ಎಳೆಯ ಉದ್ದ, ಬಲ, ನಯಗಳನ್ನು ಪರೀಕ್ಷಿಸುವುದಕ್ಕೆಂದು 1924ರಲ್ಲಿ ಆರಂಭವಾದ ಪ್ರಯೋಗಾಲಯವಿದೆ. ಈಗ ಅದಕ್ಕೆ ಸಿರ್ಕಾಟ್ ಎಂಬ ಹೆಸರು. ಹತ್ತಿಯ ಗಿರಣಿಗಳಿಂದಲೇ ಬೆಳೆದ ಈ ಊರಿನಲ್ಲಿ ಹತ್ತಿಯ ಅಂಗಿ ಕೇವಲ ಮನೆಯೊಳಗೆ ತೊಡುವ ಬಟ್ಟೆ, ವ್ಯಾಯಾಮಕ್ಕೆ ಮಾತ್ರ ಪ್ಲಾಸ್ಟಿಕ್ ಎಳೆಯದೇ ಆಗಬೇಕು ಎಂಬ ನಂಬಿಕೆ ಹೇಗೆ ಬೇರೂರಿತೋ ನನಗೆ ಇನ್ನೂ ಸೋಜಿಗ. ಅಂಧೇರಿಯ ಉಡುಪು ರಫ್ತು ಸಂಸ್ಥೆಯೊಂದರಲ್ಲಿ ಹಲವು ವರ್ಷ ಬಟ್ಟೆಯ ಗುಣಮಟ್ಟ ನೋಡುವ ಕೆಲಸ ಮಾಡಿದವಳು ನಾನು. ಆ ಕೆಲಸ ಕಲಿಸಿದ್ದನ್ನೂ ಇಲ್ಲಿನ ಹವೆಯಲ್ಲಿ ನನ್ನ ಮೈ ಕಲಿತದ್ದನ್ನೂ ಸೇರಿಸಿ ಈ ಬರಹವನ್ನು ಸಿದ್ಧಪಡಿಸಿದ್ದೇನೆ.

ಇದಕ್ಕೆ ಕಾರಣಳಾದವಳು ನನ್ನ ಅಕ್ಕನ ಮಗಳು. ಡೊಂಬಿವಲಿಯಲ್ಲಿರುವ ಅವಳು ಕಳೆದ ವರ್ಷ ಓಟ ಆರಂಭಿಸಿದಳು, ಎರಡೇ ತಿಂಗಳಲ್ಲಿ ಫೋನ್ ಮಾಡಿ, “ಚಿಕ್ಕಮ್ಮ, ಬೆನ್ನ ತುಂಬ ಬೆವರುಸಾಲೆ ಎದ್ದಿದೆ, ಅಂಗಿಯನ್ನು ಎಷ್ಟು ಒಗೆದರೂ ನಾತ ಹೋಗುವುದಿಲ್ಲ, ಏನು ಮಾಡಲಿ?” ಎಂದು ಕೇಳಿದಳು. “ಅಂಗಿಯ ಒಳಗಿನ ಚೀಟಿಯಲ್ಲಿ ಏನು ಬರೆದಿದೆ, ಮೊದಲು ಅದನ್ನು ಓದಮ್ಮ” ಎಂದೆ. ಅವಳು ಅದುವರೆಗೆ ಆ ಚೀಟಿಯನ್ನು ನೋಡಿಯೇ ಇರಲಿಲ್ಲ.

ಎಳೆ ನೀರಿನೊಡನೆ ನಡೆದುಕೊಳ್ಳುವ ರೀತಿ

ಬಟ್ಟೆಯನ್ನು ಆರಿಸುವ ಮುನ್ನ ಒಂದು ಸಂಗತಿಯನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭವಾಗುತ್ತದೆ. ಪೂರ್ತಿ ಒಣಗಿಸಿದ 100 ಗ್ರಾಂ ಹತ್ತಿಯನ್ನು 20 ಡಿಗ್ರಿ ಉಷ್ಣತೆ ಮತ್ತು ಶೇ. 65ರಷ್ಟು ತೇವಾಂಶವಿರುವ ಕೋಣೆಯಲ್ಲಿ ಇಟ್ಟರೆ ಅದು ಗಾಳಿಯಿಂದಲೇ ಸುಮಾರು 8 ಗ್ರಾಂ ನೀರನ್ನು ಎಳೆದುಕೊಳ್ಳುತ್ತದೆ. ಅಗಸೆ ನಾರಿನಿಂದಾದ ಲಿನನ್ ಸುಮಾರು 12 ಗ್ರಾಂ, ಉಣ್ಣೆ ಸುಮಾರು 16 ಗ್ರಾಂ ಎಳೆದುಕೊಳ್ಳುತ್ತವೆ. ನೈಲಾನ್ 4 ಗ್ರಾಂಗೆ ನಿಲ್ಲುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ತೆಗೆದುಕೊಳ್ಳುವುದಿಲ್ಲ. ಪಾಲಿಯೆಸ್ಟರ್ ಎಂದರೆ ನೀರಿನ ಬಾಟಲಿಯನ್ನು ಮಾಡುವ ಅದೇ ಪ್ಲಾಸ್ಟಿಕ್ಕನ್ನು ಕರಗಿಸಿ ಎಳೆಯಾಗಿ ಎಳೆದದ್ದು; ಬಾಟಲಿ ನೀರು ಕುಡಿಯದಿರುವ ಹಾಗೆಯೇ ಎಳೆಯೂ ಕುಡಿಯುವುದಿಲ್ಲ.

ಹಾಗಾದರೆ ಬೆವರನ್ನು ಹೊರಗೆಳೆಯುತ್ತದೆ, ಬೇಗ ಒಣಗುತ್ತದೆ ಎಂಬ ಜಾಹೀರಾತು ಸುಳ್ಳೇ ಎಂದರೆ, ಸುಳ್ಳಲ್ಲ. ಎಳೆ ನೀರು ಕುಡಿಯದಿದ್ದರೂ ಎಳೆಎಳೆಗಳ ನಡುವಿನ ಸಂದಿಗಳಲ್ಲಿ ಬೆವರು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರಿ ಬಟ್ಟೆಯ ಹೊರಮೈಗೆ ಹರಡುತ್ತದೆ, ಅಲ್ಲಿಂದ ಆವಿಯಾಗುತ್ತದೆ. ಒಣ ಹವೆಯ ಊರಿನಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಆವಿಯಾಗಬೇಕಾದರೆ ಸುತ್ತಲಿನ ಗಾಳಿಯಲ್ಲಿ ಅದಕ್ಕೆ ಎಡೆಯಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಬೆಳಗಿನ ಗಾಳಿ ತಾನೇ ನೀರಿನಿಂದ ತುಂಬಿಕೊಂಡಿರುವಾಗ ಯಾವ ಬಟ್ಟೆಯ ಬೆವರೂ ಬೇಗ ಆರುವುದಿಲ್ಲ. ಪಾಲಿಯೆಸ್ಟರ್ ಅಂಗಿ ಬೆನ್ನಿಗೆ ಅಂಟಿಕೊಂಡು, ಮೈಗೂ ಬಟ್ಟೆಗೂ ನಡುವೆ ನೀರಿನ ಪದರವನ್ನು ಉಳಿಸಿಬಿಡುತ್ತದೆ. ಬೇರೆ ಹವೆಯಲ್ಲಿ ನಿಜವಾದ ಮಾತನ್ನು ನಾವು ನಮ್ಮ ಹವೆಗೂ ನಿಜವೆಂದು ನಂಬಿ ಹಣ ಕೊಡುತ್ತಿದ್ದೇವೆ ಎಂಬುದೇ ನನ್ನ ಮುಖ್ಯ ತಕರಾರು.

ಇನ್ನು ನಾತದ ವಿಷಯ. ಬೆವರಿಗೆ ತನ್ನದೇ ಆದ ದುರ್ವಾಸನೆ ಹೆಚ್ಚೇನೂ ಇಲ್ಲ. ಚರ್ಮದ ಜಿಡ್ಡನ್ನೂ ಬೆವರನ್ನೂ ಸೂಕ್ಷ್ಮಾಣುಗಳು ಒಡೆದಾಗ ಅದು ಹುಟ್ಟುತ್ತದೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 26 ಮಂದಿಯಿಂದ ಒಂದು ಗಂಟೆ ಸೈಕಲ್ ವ್ಯಾಯಾಮ ಮಾಡಿಸಿ, ಅವರ ಅಂಗಿಗಳನ್ನು ಒಂದು ದಿನಕ್ಕೂ ಮೀರಿ ಮುಚ್ಚಿಟ್ಟು ಮೂಸಿ ನೋಡಿದಾಗ, ಪಾಲಿಯೆಸ್ಟರ್ ಅಂಗಿಗಳು ಹತ್ತಿಯವುಗಳಿಗಿಂತ ಗಮನಾರ್ಹವಾಗಿ ಹೆಚ್ಚು ನಾರುತ್ತಿದ್ದವು, ಮತ್ತು ನಾತಕ್ಕೆ ಕಾರಣವಾಗುವ ಮೈಕ್ರೊಕಾಕಸ್ ಗುಂಪಿನ ಸೂಕ್ಷ್ಮಾಣುಗಳು ಅವುಗಳ ಮೇಲೆ ಹುಲುಸಾಗಿ ಬೆಳೆದಿದ್ದವು. ನೀರನ್ನು ದೂರವಿಡುವ ಪಾಲಿಯೆಸ್ಟರ್ ಎಳೆಗೆ ಜಿಡ್ಡೆಂದರೆ ಇಷ್ಟ. ಆದ್ದರಿಂದಲೇ ಒಗೆದ ಅಂಗಿಯೂ ಮತ್ತೆ ಮೈ ಬಿಸಿಯಾದ ಹತ್ತು ನಿಮಿಷಕ್ಕೆ ಹಳೆಯ ನಾತವನ್ನು ಹೊರಹಾಕುತ್ತದೆ.

ಹತ್ತಿಯ ದೋಷವನ್ನೂ ಮುಚ್ಚಿಡಬಾರದು. ಹತ್ತಿ ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಮಳೆಗಾಲದಲ್ಲಿ ಒಂದು ಗಂಟೆ ಓಡಿ ಬಂದು ಅಂಗಿಯನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟಾಗ, ಅದು ಒಣಗಿದಾಗಿನ ತೂಕದ ಎರಡು ಪಟ್ಟು ದಾಟಿದ್ದನ್ನು ನಾನೇ ಕಂಡಿದ್ದೇನೆ. ಒದ್ದೆಯಾದ ದಪ್ಪ ಹತ್ತಿ ಜೋತು ಬೀಳುತ್ತದೆ, ತೊಡೆಸಂದಿಯಲ್ಲಿ, ಕಂಕುಳಲ್ಲಿ ಉಜ್ಜಿ ಚರ್ಮವನ್ನು ತರಚುತ್ತದೆ. ಹತ್ತಿಯ ಉಡುಪು ತೊಟ್ಟು ಸೋತವರು ಬಹುಪಾಲು ಸೋತಿರುವುದು ಹತ್ತಿಯಿಂದಲ್ಲ, ದಪ್ಪವಾದ, ತಪ್ಪಾಗಿ ಹೊಲಿದ ಹತ್ತಿಯಿಂದ. ಹಾಗಾಗಿ ಎಳೆಯ ಹೆಸರಿನಷ್ಟೇ ತೂಕ, ಹೆಣಿಗೆ, ಹೊಲಿಗೆಗಳನ್ನೂ ನೋಡಿ ಕೊಳ್ಳಬೇಕು.

ಅಂಗಡಿಯಲ್ಲಿ

ಮೊದಲು ಒಳಗಿನ ಚೀಟಿ. ಎದೆಯ ಮೇಲಿನ ಚಿತ್ರ, ತೂಗುಹಾಕಿದ ಬಣ್ಣದ ರಟ್ಟು, ಅಂಗಡಿಯವನ ಮಾತು ಇವು ಯಾವುವೂ ಲೆಕ್ಕಕ್ಕಿಲ್ಲ. ಪಕ್ಕದ ಹೊಲಿಗೆಯಲ್ಲಿ ಸೇರಿಸಿದ ಬಿಳಿ ಚೀಟಿಯಲ್ಲಿ ಶೇಕಡಾವಾರು ಏನು ಬರೆದಿದೆಯೋ ಅದನ್ನೇ ಓದಿ. “ಕಾಟನ್ ಫೀಲ್” ಎಂದರೆ ಹತ್ತಿಯಲ್ಲ, ಹತ್ತಿಯಂತೆ ಕಾಣುವ ಬಟ್ಟೆ. “ಕಾಟನ್ ರಿಚ್” ಮತ್ತು ವ್ಯಾಪಾರಿಗಳು “ಸಿವಿಸಿ” ಎನ್ನುವ ಬಟ್ಟೆಗಳಲ್ಲಿ ಹತ್ತಿ ಅರ್ಧಕ್ಕಿಂತ ಹೆಚ್ಚಿರುತ್ತದೆ, ಉಳಿದದ್ದು ಪಾಲಿಯೆಸ್ಟರ್. “ಪಿಸಿ” ಎಂದರೆ ಪಾಲಿಯೆಸ್ಟರ್ ಮತ್ತು ಹತ್ತಿಯ ಬೆರಕೆ, ಹಿರಿಯರಿಗೆ ಗೊತ್ತಿರುವ ಟೆರಿಕಾಟ್‌ನ ವಂಶದ್ದೇ. ಬೂದು ಬಣ್ಣದ, ಅಲ್ಲಲ್ಲಿ ಕಪ್ಪು ಎಳೆ ಕಾಣುವ ಮೆಲಾಂಜ್ ಅಂಗಿಗಳಲ್ಲಿ ಆ ಕಪ್ಪು ಎಳೆ ಅನೇಕ ವೇಳೆ ವಿಸ್ಕೋಸ್ (ಸಸ್ಯದ ತಿರುಳನ್ನು ಕರಗಿಸಿ ಮಾಡಿದ ಎಳೆ) ಅಥವಾ ಪಾಲಿಯೆಸ್ಟರ್ ಆಗಿರುವುದರಿಂದ ಅದರ ಚೀಟಿಯನ್ನು ಇನ್ನಷ್ಟು ಎಚ್ಚರದಿಂದ ಓದಬೇಕು.

“ಬಿದಿರಿನ ಬಟ್ಟೆ” ಎಂಬುದರ ಬಗ್ಗೆ ಒಂದು ಮಾತು. ಬಿದಿರಿನ ನಾರನ್ನು ನೇರವಾಗಿ ನೂತ ಬಟ್ಟೆ ಅಂಗಡಿಗಳಲ್ಲಿ ಸಿಗುವುದು ಬಹಳ ಅಪರೂಪ. ಆ ಹೆಸರಿನಲ್ಲಿ ಮಾರಾಟವಾಗುವುದು ಬಹುತೇಕ ಬಿದಿರಿನ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ಮತ್ತೆ ಎಳೆ ಮಾಡಿದ ವಿಸ್ಕೋಸ್. ಅದು ಪ್ಲಾಸ್ಟಿಕ್ ಅಲ್ಲ, ಮೈಗೆ ತಂಪು, ಬೆವರನ್ನೂ ಹೀರುತ್ತದೆ. ಆದರೆ ಒದ್ದೆಯಾದಾಗ ವಿಸ್ಕೋಸ್ ಎಳೆಯ ಬಲ ಕುಗ್ಗುತ್ತದೆ, ಹತ್ತಿಯ ಎಳೆಯ ಬಲ ಹೆಚ್ಚುತ್ತದೆ. ದಿನವೂ ಬೆವರಿನಲ್ಲಿ ನೆನೆದು, ದಿನವೂ ಹಿಂಡಿಸಿಕೊಳ್ಳುವ ಬಟ್ಟೆಗೆ ಈ ವ್ಯತ್ಯಾಸ ಸಣ್ಣದಲ್ಲ. ನಾನು ಯೋಗಾಭ್ಯಾಸಕ್ಕೆ ವಿಸ್ಕೋಸನ್ನು ಒಪ್ಪುತ್ತೇನೆ, ಓಟಕ್ಕೆ ಒಪ್ಪುವುದಿಲ್ಲ.

ಚೀಟಿಯ ಮೇಲೆ ನಂಬಿಕೆ ಬಾರದಿದ್ದರೆ ಮನೆಗೆ ತಂದು ಸುಟ್ಟು ನೋಡಬಹುದು. ಅಕ್ಕನ ಮಗಳು ಆ ಫೋನಿನ ನಂತರ ದಾದರ್‌ನ ಒಂದು ಅಂಗಡಿಯಲ್ಲಿ ಅಪ್ಪಟ ಹತ್ತಿಯೆಂದು ಹೇಳಿ ಕೊಟ್ಟ ಅಂಗಿಯೊಂದನ್ನು ತಂದಿದ್ದಳು. ಅದರ ಚೀಟಿಯನ್ನು ಮೊದಲೇ ಕತ್ತರಿಸಿ ತೆಗೆಯಲಾಗಿತ್ತು. ಅಡುಗೆಮನೆಯ ಸಿಂಕಿನ ಮೇಲೆ, ಇಕ್ಕಳದಲ್ಲಿ ಹಿಡಿದು, ಕಡ್ಡಿ ಗೀರಿದೆವು. ಹತ್ತಿಯಾದರೆ ಹಳದಿ ಜ್ವಾಲೆಯಲ್ಲಿ ಕಾಗದದಂತೆ ಉರಿದು, ಸುಟ್ಟ ಕಾಗದದ ವಾಸನೆ ಬಿಟ್ಟು, ಬೆರಳಿನಲ್ಲಿ ಉಜ್ಜಿದರೆ ಪುಡಿಯಾಗುವ ಬೂದು ಬೂದಿ ಉಳಿಯಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿಯಿಂದ ದೂರ ತೆಗೆದೊಡನೆ ತಾನೇ ನಂದುತ್ತದೆ. ನಮ್ಮ ಎಳೆ ಜ್ವಾಲೆಗೆ ಹತ್ತಿರ ಬರುತ್ತಿದ್ದಂತೆ ಮುದುಡಿತು, ಕಪ್ಪು ಹೊಗೆ ಎದ್ದಿತು, ಕೊನೆಗೆ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗಟ್ಟಿ ಮಣಿ ಉಳಿಯಿತು. ಉಗುರಿನಿಂದ ಒತ್ತಿದರೂ ಒಡೆಯಲಿಲ್ಲ. ಕರಗಿ ತೊಟ್ಟಿಕ್ಕುವ ಪಾಲಿಯೆಸ್ಟರ್ ಚರ್ಮಕ್ಕೆ ಅಂಟಿ ಸುಡುವುದರಿಂದ ಈ ಪರೀಕ್ಷೆಯನ್ನು ಇಕ್ಕಳದಲ್ಲಿ ಹಿಡಿದೇ ಮಾಡಬೇಕು, ಮಕ್ಕಳ ಕೈಗೆ ಕೊಡಬಾರದು.

ಇಲ್ಲಿ ಬಹಳ ಜನ ಎಡವುವ ಒಂದು ಅಂಶವಿದೆ. ನೂರಕ್ಕೆ ನೂರು ಹತ್ತಿಯ ಅಂಗಿಯನ್ನೂ ಸಾಮಾನ್ಯವಾಗಿ ಪಾಲಿಯೆಸ್ಟರ್ ದಾರದಿಂದಲೇ ಹೊಲಿದಿರುತ್ತಾರೆ. ಪರೀಕ್ಷೆಗೆ ಹೊಲಿಗೆಯ ದಾರವನ್ನು ಕಿತ್ತು ಸುಟ್ಟರೆ ಒಳ್ಳೆಯ ಅಂಗಿಯೂ ಮಣಿ ಬಿಟ್ಟೀತು. ಪಕ್ಕದ ಹೊಲಿಗೆಯ ಒಳಗಿರುವ ಹೆಚ್ಚುವರಿ ಅಂಚಿನಿಂದ ಬಟ್ಟೆಯದೇ ಒಂದು ಚೂರನ್ನು ಕತ್ತರಿಸಿಕೊಳ್ಳಿ. ಬೂದಿ ಮೃದುವಾಗಿದ್ದು ಅದರ ನಡುವೆ ಅಲ್ಲಲ್ಲಿ ಗಟ್ಟಿ ಹರಳು ಸಿಕ್ಕಿದರೆ ಅದು ಬೆರಕೆ ಬಟ್ಟೆ.

ತೂಕ, ಹೆಣಿಗೆ, ನೂಲು

ಬಟ್ಟೆಯ ತೂಕವನ್ನು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಹೇಳುತ್ತಾರೆ. ವ್ಯಾಪಾರದಲ್ಲಿ ಇದಕ್ಕೆ ಜಿಎಸ್‌ಎಂ ಎನ್ನುತ್ತಾರೆ. ಸಾಮಾನ್ಯ ಟೀ ಶರ್ಟ್‌ಗಳು 180ರ ಆಸುಪಾಸಿನಲ್ಲಿರುತ್ತವೆ, ಓಟಕ್ಕೆ ಅದು ಭಾರ. ಮುಂಬಯಿಯ ಹವೆಗೆ 120ರಿಂದ 150ರ ನಡುವಿನದನ್ನು ಕೇಳಿ ಪಡೆಯಿರಿ. ತೂಕ ತಿಳಿಯದಿದ್ದರೆ ಅಂಗಿಯೊಳಗೆ ಅಂಗೈಯಿಟ್ಟು ಬೆಳಕಿಗೆ ಹಿಡಿಯಿರಿ; ಬೆರಳುಗಳ ಆಕಾರ ಮಸುಕಾಗಿ ಕಂಡರೆ ಓಟಕ್ಕೆ ಸರಿ, ಏನೂ ಕಾಣದಿದ್ದರೆ ಅದು ಚಳಿಗಾಲದ ಮುಂಜಾನೆಯ ನಡಿಗೆಗೆ ಇರಲಿ. ಹತ್ತು ಸೆಂಟಿಮೀಟರ್ ಉದ್ದಗಲದ ಚೂರು ಸಿಕ್ಕರೆ ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿಸಿ ನೂರರಿಂದ ಗುಣಿಸಿ, 1.4 ಗ್ರಾಂ ಬಂದರೆ ಅದು 140 ಜಿಎಸ್‌ಎಂ.

ಮೇಲಂಗಿಗೆ ನೇಯ್ದ ಬಟ್ಟೆಗಿಂತ ಹೆಣೆದ ಬಟ್ಟೆ ಮೇಲು, ಏಕೆಂದರೆ ಹೆಣಿಗೆಯ ಕುಣಿಕೆಗಳು ಮೈಯೊಡನೆ ಹಿಗ್ಗಿ ಕುಗ್ಗುತ್ತವೆ, ಹಿಗ್ಗುವುದಕ್ಕೆ ರಬ್ಬರಿನಂಥ ಎಳೆಯನ್ನು ಸೇರಿಸಬೇಕಾಗಿಲ್ಲ. ಸಿಂಗಲ್ ಜೆರ್ಸಿ ಎಂಬ ಸಾದಾ ಹೆಣಿಗೆ ಎಲ್ಲದಕ್ಕೂ ಆದೀತು. ಪೀಕೆ ಎಂಬ ಸಣ್ಣ ಗುಳಿಗಳಿರುವ ಹೆಣಿಗೆ ಬೆನ್ನಿಗೆ ಪೂರ್ತಿ ಅಂಟದೆ ಗಾಳಿಗೆ ದಾರಿ ಬಿಡುವುದರಿಂದ ಬ್ಯಾಡ್ಮಿಂಟನ್‌ನಂಥ ಆಟಕ್ಕೆ ಚೆನ್ನ. ಇವೆಲ್ಲಕ್ಕಿಂತ ಅಗ್ಗವಾದ, ನನ್ನ ಅಭಿಪ್ರಾಯದಲ್ಲಿ ಏಪ್ರಿಲ್, ಮೇ ತಿಂಗಳ ಓಟಕ್ಕೆ ಎಲ್ಲಕ್ಕಿಂತ ಒಳ್ಳೆಯದಾದ ಬಟ್ಟೆಯೆಂದರೆ ನಮ್ಮ ಅಪ್ಪಂದಿರು ತೊಡುತ್ತಿದ್ದ ತೋಳಿಲ್ಲದ ಹತ್ತಿಯ ಬನಿಯನ್ನು. ಅದರ ತೆಳುವಾದ ರಿಬ್ ಹೆಣಿಗೆ ಈ ಕೆಲಸಕ್ಕೆಂದೇ ಹುಟ್ಟಿದಂತಿದೆ. ಗರಡಿಮನೆಯ ಪೈಲ್ವಾನರು ಹತ್ತಿಯ ಲಂಗೋಟಿಯನ್ನು ಬಿಗಿದು ಗಂಟೆಗಟ್ಟಲೆ ಸಾಮು ಮಾಡಿದ್ದನ್ನು ನೆನೆದರೆ, ಹತ್ತಿ ಶ್ರಮದ ಕೆಲಸಕ್ಕೆ ಆಗದು ಎಂಬ ಮಾತನ್ನು ಒಪ್ಪಲು ನನಗೆ ಮನಸ್ಸಾಗುವುದಿಲ್ಲ.

ನೂಲಿನ ವಿಷಯಕ್ಕೆ ಬಂದರೆ, ಉದ್ದ ಎಳೆಯ ಹತ್ತಿಯಿಂದ ನೂತ ನೂಲು ನಯವಾಗಿಯೂ ತೆಳುವಾಗಿಯೂ ಇದ್ದು, ಕಡಿಮೆ ಉಜ್ಜುತ್ತದೆ, ಬೇಗ ಗುಂಜು ಏಳುವುದಿಲ್ಲ. ನೂಲಿನ ಅಂಕಿ ಹೆಚ್ಚಿದಷ್ಟೂ ನೂಲು ತೆಳು. ಅಂಗಿಗೆ 30 ಅಥವಾ 40ರ ನೂಲು ಸೂಕ್ತ. ಚೀಟಿಯಲ್ಲಿ “ಕೋಂಬ್ಡ್” ಎಂದಿದ್ದರೆ ಮೋಟು ಎಳೆಗಳನ್ನು ಬಾಚಿ ತೆಗೆದಿದ್ದಾರೆ ಎಂದರ್ಥ, ಅದಕ್ಕೆ ತುಸು ಹೆಚ್ಚು ಬೆಲೆ ಕೊಡುವುದು ನ್ಯಾಯ. ನಮ್ಮ ಧಾರವಾಡದಲ್ಲಿ 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿಸಿಎಚ್-32 ಎಂಬ ಉದ್ದ ಎಳೆಯ ಸಂಕರ ಹತ್ತಿಗಳು ಸಿದ್ಧವಾದವು ಎಂಬುದನ್ನು ಇಲ್ಲಿ ಅಭಿಮಾನದಿಂದ ಹೇಳಿಕೊಳ್ಳಬೇಕು.

ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒದ್ದೆ ಬಿಳಿ ಕರವಸ್ತ್ರದಿಂದ ಒಳಭಾಗವನ್ನು ಉಜ್ಜಿ ನೋಡಿ. ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಹನಿ ಕೆಸುವಿನ ಎಲೆಯ ಮೇಲಿನಂತೆ ಉರುಳಿದರೆ ಅದಕ್ಕೆ ಏನೋ ಲೇಪವಿದೆ, ಎರಡು ಮೂರು ಸಲ ಒಗೆದ ಮೇಲಷ್ಟೇ ಅದು ಬೆವರು ಹೀರಲು ಆರಂಭಿಸುತ್ತದೆ.

ಅಳತೆ ಮತ್ತು ಹೊಲಿಗೆ

ಹತ್ತಿಯ ಹೆಣಿಗೆ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಕೊಳ್ಳುವಾಗ ಎದೆಯ ಸುತ್ತ ನಾಲ್ಕು ಬೆರಳಷ್ಟು ಸಡಿಲವಿರಲಿ, ತಂದ ರಾತ್ರಿ ತಣ್ಣೀರಿನಲ್ಲಿ ನೆನೆಸಿ, ಒಣಗಿಸಿ, ನಂತರ ತೊಡಿ. ಕಂಕುಳು ಮತ್ತು ತೊಡೆಸಂದಿಯ ಹೊಲಿಗೆಯನ್ನು ಒಳಗಿನಿಂದ ಬೆರಳಾಡಿಸಿ ಪರೀಕ್ಷಿಸಿ: ಎರಡು ಅಂಚುಗಳನ್ನು ಮಟ್ಟಸವಾಗಿ ಕೂಡಿಸಿದ ಫ್ಲ್ಯಾಟ್‌ಲಾಕ್ ಹೊಲಿಗೆ ಬೆರಳಿಗೆ ಏಣಿನಂತೆ ತಗಲುವುದಿಲ್ಲ, ಮಾಮೂಲಿ ಓವರ್‌ಲಾಕ್ ತಗಲುತ್ತದೆ. ಐದು ಕಿಲೋಮೀಟರಿಗೆ ಇದು ಗೊತ್ತಾಗುವುದಿಲ್ಲ, ಹದಿನೈದಕ್ಕೆ ಖಂಡಿತ ಗೊತ್ತಾಗುತ್ತದೆ.

ಚಡ್ಡಿ ಮತ್ತು ಲೆಗ್ಗಿಂಗ್‌ಗಳಲ್ಲಿ ಶೇ. 5ರಷ್ಟು ಸ್ಪ್ಯಾಂಡೆಕ್ಸ್, ಅಂದರೆ ರಬ್ಬರಿನಂತೆ ಹಿಗ್ಗುವ ಕೃತಕ ಎಳೆ, ಇದ್ದರೆ ನಾನು ಆಕ್ಷೇಪಿಸುವುದಿಲ್ಲ. ಅದಿಲ್ಲದೆ ಮೊಣಕಾಲಿನಲ್ಲಿ ಬಟ್ಟೆ ಜೋಲು ಬೀಳುತ್ತದೆ. ಹೆಣ್ಣುಮಕ್ಕಳ ಕ್ರೀಡಾ ಒಳಉಡುಪಿಗೆ ಇನ್ನೂ ತುಸು ಹೆಚ್ಚು ಬೇಕಾಗುತ್ತದೆ, ಅಲ್ಲಿ ಆಧಾರವೇ ಮುಖ್ಯ. ಆದರೆ ಚರ್ಮಕ್ಕೆ ತಾಗುವ ಒಳಪದರ ಹತ್ತಿಯದೇ ಆಗಿರಲಿ ಎಂದು ಒತ್ತಿ ಹೇಳುತ್ತೇನೆ. ತೊಡೆಸಂದಿಯ ಹುಳುಕಡ್ಡಿ ಬಿಸಿಯೂ ತೇವವೂ ಸೇರಿದ ಜಾಗದಲ್ಲಿ ಹಬ್ಬುತ್ತದೆ, ಬಿಗಿಯಾದ, ಗಾಳಿಯಾಡದ ಒಳಉಡುಪು ಅದಕ್ಕೆ ಅನುಕೂಲ ಮಾಡಿಕೊಡುತ್ತದೆ. ಯಾವ ಬಟ್ಟೆ ತೊಟ್ಟರೂ ವ್ಯಾಯಾಮ ಮುಗಿದ ಕೂಡಲೇ ಒದ್ದೆ ಬಟ್ಟೆಯನ್ನು ಬದಲಿಸಬೇಕು. ಲೋಕಲ್ ಹಿಡಿದು ಮನೆಗೆ ಮರಳುವವರು ಚೀಲದಲ್ಲಿ ಒಂದು ಒಣ ಬನಿಯನ್ನು ಇಟ್ಟುಕೊಂಡಿರಲಿ.

ಯೋಗ, ನಡಿಗೆಗಳಿಗೆ ತೆಳು ಖಾದಿಯ ಸಡಿಲ ಪೈಜಾಮ ಸಾಕು, ಅದರ ಬಗ್ಗೆ ಹೆಚ್ಚು ಯೋಚಿಸಬೇಕಾಗಿಲ್ಲ. ಈಜಿಗೆ ಮಾತ್ರ ಹತ್ತಿ ಸಲ್ಲದು. ನೀರು ಕುಡಿದು ಭಾರವಾಗಿ ಕಾಲಿಗೆ ತೊಡಕಾಗುತ್ತದೆ. ಅಲ್ಲಿ ನೈಲಾನೇ ಸರಿ. ಜನವರಿಯ ಮುಂಬಯಿ ಮ್ಯಾರಥಾನ್‌ಗೆ ತಯಾರಾಗುವವರು ಅರ್ಧ ಮ್ಯಾರಥಾನ್ ದೂರದವರೆಗೂ ತೆಳು ಹತ್ತಿಯಲ್ಲಿ ಓಡಬಹುದು, ಉಜ್ಜುವ ಜಾಗಗಳಿಗೆ ಮೊದಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿಕೊಂಡರಾಯಿತು. ಅದಕ್ಕಿಂತ ಹೆಚ್ಚಿನ ದೂರಕ್ಕೆ ಹತ್ತಿಯನ್ನು ಕಣ್ಣುಮುಚ್ಚಿ ಶಿಫಾರಸು ಮಾಡಲಾರೆ. ಮೆರಿನೊ ಎಂಬ ಕುರಿತಳಿಯ ನಯವಾದ, ತೆಳು ಉಣ್ಣೆಯನ್ನು ಪ್ರಯತ್ನಿಸಿ ನೋಡಿ ಎನ್ನುತ್ತೇನೆ.

ಸಹ್ಯಾದ್ರಿಯ ಮಳೆಗೆ ಉಣ್ಣೆ

ಉಣ್ಣೆಯ ಬೆಲೆ ನನಗೆ ಗೊತ್ತಾದದ್ದು ಕಳಸೂಬಾಯಿಯ ಮೇಲೆ. 1646 ಮೀಟರ್ ಎತ್ತರದ ಆ ಶಿಖರಕ್ಕೆ ಜುಲೈ ತಿಂಗಳೊಂದರಲ್ಲಿ ಹತ್ತಿಯ ಅಂಗಿಯಲ್ಲೇ ಹೋಗಿದ್ದೆ. ಹತ್ತುವಾಗ ತೊಂದರೆಯಾಗಲಿಲ್ಲ. ಮೇಲೆ ನಿಂತಾಗ ಗಾಳಿ ಬೀಸಿತು, ಒದ್ದೆ ಅಂಗಿ ಮೈಯ ಬಿಸಿಯನ್ನೆಲ್ಲ ಎಳೆದುಕೊಂಡಿತು, ಹಲ್ಲು ಕಟಕಟ ಎನ್ನತೊಡಗಿ ಬೆರಳಿಗೆ ಬೂಟಿನ ಲಾಡಿ ಬಿಗಿಯಲೂ ಆಗಲಿಲ್ಲ. ಬೆಟ್ಟ, ಮಳೆ, ಗಾಳಿ ಮೂರೂ ಕೂಡುವ ಕಡೆಗೆ ಹತ್ತಿಯನ್ನು ತೊಡಬೇಡಿ. ಇದು ಅನುಕೂಲದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಉಣ್ಣೆಯ ಎಳೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಒಳಗೆ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ಎಳೆದುಕೊಳ್ಳುವಾಗ ಅಲ್ಪಸ್ವಲ್ಪ ಶಾಖವನ್ನೂ ಬಿಡುತ್ತದೆ. ಮಲೆನಾಡಿನ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ನಾಟಿಗೆ ಇಳಿಯುತ್ತಿದ್ದವರಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿತ್ತು. ಕಂಬಳಿ ಮೈಗೆ ಚುಚ್ಚುತ್ತದಲ್ಲ ಎಂದರೆ, ಚುಚ್ಚುವುದು ಎಳೆಯ ದಪ್ಪದಿಂದ. 30 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಮೀರಿದ ಎಳೆಗಳು ಬಾಗದೆ ಚರ್ಮಕ್ಕೆ ಒತ್ತುತ್ತವೆ. ಒಳಗೆ ತೊಡುವ ಅಂಗಿಗೆ 18 ಅಥವಾ 19 ಮೈಕ್ರಾನಿನ ಮೆರಿನೊ, 150 ಜಿಎಸ್‌ಎಂ ತೂಕದ್ದು ಸಾಕು. ಬೆಲೆ ಹೆಚ್ಚು, ನಿಜ. ಆದರೆ ಎರಡು ಮೂರು ದಿನ ತೊಟ್ಟರೂ ನಾರುವುದಿಲ್ಲವಾದ್ದರಿಂದ ಚಾರಣಕ್ಕೆ ಒಂದೇ ಅಂಗಿ ಸಾಲುತ್ತದೆ.

ಒಗೆತ, ಒಣಗಿಸುವಿಕೆ

ಹತ್ತಿಗೆ ಮಾಮೂಲಿ ಸೋಪಿನ ಪುಡಿ ಸಾಕು. ಬಟ್ಟೆ ಮೆತ್ತಗಾಗಲೆಂದು ಹಾಕುವ ಸುವಾಸನೆಯ ದ್ರವವನ್ನು ಹಾಕಬೇಡಿ, ಅದು ಎಳೆಯ ಮೇಲೆ ಪದರವಾಗಿ ಕೂತು ಬೆವರು ಹೀರುವ ಗುಣವನ್ನೇ ಕೆಡಿಸುತ್ತದೆ. ಉಣ್ಣೆಗೆ ತಣ್ಣೀರು ಮತ್ತು ಅಂಟುವಾಳದ ನೊರೆ ಒಳ್ಳೆಯದು. ಬಿಸಿನೀರಿನಲ್ಲಿ ತಿಕ್ಕಿದರೆ ಉಣ್ಣೆ ಗಂಟುಕಟ್ಟಿ ಮಗುವಿನ ಅಳತೆಗೆ ಇಳಿಯುತ್ತದೆ; ಹಿಂಡದೆ, ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಹಾಸಿ ಒಣಗಿಸಿ.

ಮುಂಬಯಿಯ ಮಳೆಗಾಲದಲ್ಲಿ ಹತ್ತಿ ಒಣಗುವುದಿಲ್ಲ ಎಂಬ ದೂರು ನ್ಯಾಯವಾದದ್ದೇ. ಕಿಟಕಿಯ ಸರಳಿಗೆ ಕಟ್ಟಿದ ಹಗ್ಗದ ಮೇಲೆ ಎರಡು ದಿನ ತೂಗಿದ ಅಂಗಿಗೆ ಮುಗ್ಗಲು ವಾಸನೆ ಬರುತ್ತದೆ. ಬೆವರಿದ ಅಂಗಿಯನ್ನು ಬುಟ್ಟಿಗೆ ಹಾಕದೆ ತಕ್ಷಣ ಜಾಲಿಸಿ, ಯಂತ್ರವಿದ್ದರೆ ಎರಡು ಸಲ ಹಿಂಡಿಸಿ, ರಾತ್ರಿ ಫ್ಯಾನಿನ ಕೆಳಗೆ ಒಂದರ ಮೇಲೊಂದು ಬೀಳದಂತೆ ಹರವಿದರೆ ತೆಳು ಹತ್ತಿ ಬೆಳಗಾಗುವಷ್ಟರಲ್ಲಿ ಬಹುಮಟ್ಟಿಗೆ ಆರುತ್ತದೆ, ಉಳಿದ ತೇವವನ್ನು ಇಸ್ತ್ರಿ ತೆಗೆಯುತ್ತದೆ. ಆ ನಾಲ್ಕು ತಿಂಗಳಿಗೆ ಮೂರು ಅಂಗಿಗಳ ಬದಲು ಐದು ಇಟ್ಟುಕೊಳ್ಳಿ.

ಮನೆಯಲ್ಲಿ ಈಗಾಗಲೇ ಇರುವ ಪಾಲಿಯೆಸ್ಟರ್ ಉಡುಪುಗಳನ್ನು ಎಸೆಯಬಾರದು, ಎಸೆದರೆ ಅವು ಹಾಗೆಯೇ ಉಳಿಯುತ್ತವೆ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಆರು ಕಿಲೋ ಅಕ್ರಿಲಿಕ್ ಬಟ್ಟೆಯ ಒಂದು ಒಗೆತದಿಂದ ಏಳು ಲಕ್ಷಕ್ಕೂ ಹೆಚ್ಚು ಎಳೆಚೂರುಗಳು, ಅಷ್ಟೇ ಪಾಲಿಯೆಸ್ಟರ್‌ನಿಂದ ಸುಮಾರು ಐದು ಲಕ್ಷ ಚೂರುಗಳು ನೀರಿಗೆ ಸೇರಬಹುದು. ನಮ್ಮ ಊರಿನಲ್ಲಿ ಆ ನೀರು ಕೊನೆಗೆ ಸೇರುವುದು ಕಡಲನ್ನೇ. ಆದ್ದರಿಂದ ಅವನ್ನು ಯಂತ್ರ ತುಂಬುವಷ್ಟು ಸೇರಿಸಿ, ತಣ್ಣೀರಿನಲ್ಲಿ, ಕಡಿಮೆ ಹೊತ್ತು ಒಗೆಯಿರಿ, ಹರಿಯುವವರೆಗೂ ತೊಡಿ, ಒಂದೊಂದು ಹರಿದಂತೆ ಅದರ ಜಾಗಕ್ಕೆ ಹತ್ತಿಯದನ್ನು ತನ್ನಿ. ಅಕ್ಕನ ಮಗಳು ಹಾಗೆಯೇ ಮಾಡುತ್ತಿದ್ದಾಳೆ. ಅವಳ ಕಪಾಟಿನಲ್ಲಿ ಈಗ ಮೂರು ಹತ್ತಿಯ ಅಂಗಿಗಳೂ ಎರಡು ಹಳೆಯ ಪಾಲಿಯೆಸ್ಟರ್‌ಗಳೂ ಇವೆ, ಬೆನ್ನಿನ ಬೆವರುಸಾಲೆ ಇಳಿದಿದೆ. ನನ್ನ ಹಳೆಯ ಓಟದ ಅಂಗಿಯಂತೂ ತೋಳು ಹರಿದ ಮೇಲೆ ಅಡುಗೆಮನೆಯ ಮಸಿಬಟ್ಟೆಯಾಗಿ, ಚೆಲ್ಲಿದ ಸಾರನ್ನು ಒಂದೇ ಒರೆಸಿಗೆ ಎಳೆದುಕೊಳ್ಳುತ್ತಿದೆ.